ಮಾಗಿಯ ತರಕಾರಿ: ತಡವಾದ ಕೊಯ್ಲು, ಚಳಿ ಮತ್ತು ರುಚಿ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ



ಮಾರ್ಗಶಿರ ಕಳೆದು ಪುಷ್ಯ ಮಾಸ ಬರುವ ಹೊತ್ತಿಗೆ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹೊಲ, ಹಿತ್ತಲು ಹಾಗೂ ಸಂತೆಗಳಲ್ಲಿ ತರಕಾರಿ ಹೇರಳವಾಗಿರುತ್ತದೆ. "ಚಳಿ ಬೀಳಲಿ, ಆಮೇಲೆ ಕೀಳೋಣ; ರುಚಿ ಕೂಡುತ್ತದೆ" ಎಂಬ ಮಾತನ್ನು ಈ ದಿನಗಳಲ್ಲಿ ಎಲ್ಲೆಡೆ ಕೇಳುತ್ತೇವೆ. ಈ ಮಾತು ಕೆಲವು ಬೆಳೆಗಳಿಗೆ ನಿಜ, ಕೆಲವು ಬೆಳೆಗಳಿಗೆ ಸುಳ್ಳು. ಯಾವುದಕ್ಕೆ ನಿಜ, ಏಕೆ ನಿಜ ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಮೊದಲಿಗೆ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುವುದು ಸೂಕ್ತ. ಎಂಜಿನಿಯರಿಂಗ್ ಪದವಿ ಮುಗಿಸಿ ಅಭಿವೃದ್ಧಿ ಅಧಿಕಾರಿಯಾಗಿ ಸೇವೆಗೆ ಸೇರಿದ ಹೊಸದರಲ್ಲಿ, ನನ್ನ ವ್ಯಾಪ್ತಿಯ ಒಂದು ಅಂಗನವಾಡಿಯ ಕೈತೋಟದಲ್ಲಿ ಮೂಲಂಗಿ, ನವಿಲುಕೋಸು ಮತ್ತು ಗಜ್ಜರಿ ಬೆಳೆದಿದ್ದವು. ಶೀತ ದೇಶಗಳಲ್ಲಿ ಹಿಮ ಬಿದ್ದ ನಂತರ ಕಿತ್ತ ಗೆಡ್ಡೆ ಹೆಚ್ಚು ಸಿಹಿಯಾಗಿರುತ್ತದೆಂದು ಓದಿದ್ದ ನಾನು, ಸಂಕ್ರಾಂತಿಯವರೆಗೆ ಯಾವುದನ್ನೂ ಕೀಳಬಾರದೆಂದು ಸೂಚಿಸಿದೆ. ಸಂಕ್ರಾಂತಿಗೆ ಕಿತ್ತಾಗ ಮೂಲಂಗಿ ಒಳಗೆಲ್ಲ ಬೆಂಡಾಗಿತ್ತು. ನವಿಲುಕೋಸು ನಾರುಗಟ್ಟಿ ಚಾಕುವಿಗೆ ಬಗ್ಗಲಿಲ್ಲ. ಗಜ್ಜರಿಯೊಂದೇ ಚೆನ್ನಾಗಿತ್ತು. ಮಕ್ಕಳ ಸಾರಿಗೆ ಎರಡು ವಾರ ಒದಗಬೇಕಾಗಿದ್ದ ತರಕಾರಿ ದನಗಳ ಪಾಲಾಯಿತು. ಅಲ್ಲಿ ನಿಂತಿದ್ದ ವಯಸ್ಸಾದ ತಾಯಿಯೊಬ್ಬರು, "ಚಳಿ ಬಂದರಾಯಿತೇ ಸ್ವಾಮಿ? ಗೆಡ್ಡೆಯ ವಯಸ್ಸು ನೋಡಬೇಡವೇ?" ಎಂದು ಕೇಳಿದರು. ಈ ಲೇಖನವೆಲ್ಲ ಆ ಪ್ರಶ್ನೆಗೆ ಉತ್ತರವೆಂದು ತಿಳಿಯಬಹುದು.

1. ಹೆಪ್ಪುಮಂಜು ಎಂದರೇನು? ನಮ್ಮಲ್ಲಿ ಅದು ಏಕಿಲ್ಲ?

ಮೋಡವಿಲ್ಲದ ರಾತ್ರಿಯಲ್ಲಿ ಭೂಮಿ ಹಗಲು ಪಡೆದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲ, ಹುಲ್ಲು ಮತ್ತು ಎಲೆಗಳು ಗಾಳಿಗಿಂತ ಬೇಗ ತಣ್ಣಗಾಗುತ್ತವೆ. ಗಾಳಿಯಲ್ಲಿರುವ ನೀರಾವಿ ಆ ತಣ್ಣನೆಯ ಎಲೆಯನ್ನು ತಾಗಿ ಹನಿಗಟ್ಟಿದರೆ ಅದು ಇಬ್ಬನಿ. ಎಲೆಯ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ನೀರಾವಿ ನೇರವಾಗಿ ಹರಳಾಗಿ, ಉಪ್ಪಿನ ಪುಡಿ ಎರಚಿದಂತೆ ಬೆಳ್ಳಗೆ ಕೂರುತ್ತದೆ. ಅದನ್ನೇ ಇಲ್ಲಿ ಹೆಪ್ಪುಮಂಜು ಎಂದು ಕರೆಯೋಣ.

ಬೆಂಗಳೂರು ನಗರದಲ್ಲಿ ಈವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ಶ್ರೀರಂಗಪಟ್ಟಣ ಇರುವುದು ಸುಮಾರು 680 ಮೀಟರ್ ಎತ್ತರದಲ್ಲಿ. ಆದುದರಿಂದ ನಮ್ಮ ನಾಲ್ಕೂ ತಾಲ್ಲೂಕುಗಳ ತರಕಾರಿಗೆ ಬೀಳುವುದು ಇಬ್ಬನಿಯೇ ಹೊರತು ಹೆಪ್ಪುಮಂಜಲ್ಲ.

ಹೆಪ್ಪುಮಂಜನ್ನು ಕಾಣಬೇಕಾದರೆ ಮೈಸೂರು, ಗುಂಡ್ಲುಪೇಟೆ ದಾಟಿ ನೀಲಗಿರಿಯನ್ನು ಏರಬೇಕು. ಸುಮಾರು 2,240 ಮೀಟರ್ ಎತ್ತರದ ಊಟಿಯ ತಗ್ಗು ಬಯಲುಗಳಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಬೆಳಗಿನಲ್ಲಿ ಹುಲ್ಲು ಬೆಳ್ಳಗಿರುತ್ತದೆ. ಅಲ್ಲಿನ ಬಡಗರು ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವವರು. ಗಜ್ಜರಿ, ಆಲೂಗಡ್ಡೆ, ಎಲೆಕೋಸು, ಬೀಟ್‌ರೂಟ್ ಬೆಳೆಯುವುದರಲ್ಲಿ ನಿಪುಣರು. ನಮ್ಮ ಸಂತೆಗಳಲ್ಲಿ "ಊಟಿ ಕ್ಯಾರೆಟ್" ಎಂದು ಕೂಗಿ ಮಾರುವುದು ಅಲ್ಲಿಯ ಗಜ್ಜರಿಯನ್ನೇ. ಆದರೆ ಅವರಿಗೂ ಹೆಪ್ಪುಮಂಜು ವರವಲ್ಲ. ಒಂದೇ ರಾತ್ರಿಯಲ್ಲಿ ಆಲೂಗಡ್ಡೆಯ ಎಲೆ, ಚಹಾದ ಚಿಗುರು ಸುಟ್ಟಂತೆ ಕಪ್ಪಾಗುತ್ತವೆ. ಗಜ್ಜರಿ ಮಾತ್ರ ಮಣ್ಣಿನ ಹೊದಿಕೆಯೊಳಗೆ ಇರುವುದರಿಂದ ಉಳಿದುಕೊಳ್ಳುತ್ತದೆ.

2. ಚಳಿ ಸಿಹಿಯನ್ನು ತರುವುದು ಹೇಗೆ?

ಗಜ್ಜರಿ, ಎಲೆಕೋಸು, ಬೀಟ್‌ರೂಟ್ ಮುಂತಾದವು ಮೂಲತಃ ಶೀತ ಪ್ರದೇಶದ ಸಸ್ಯಗಳು. ಚಳಿ ಮುನ್ಸೂಚನೆ ನೀಡಿದೊಡನೆ ಇವು ತಮ್ಮ ಜೀವಕೋಶಗಳಲ್ಲಿ ಸಕ್ಕರೆಯನ್ನು ಹೆಚ್ಚಿಸಿಕೊಳ್ಳುತ್ತವೆ; ಕೂಡಿಟ್ಟ ಪಿಷ್ಟದ ಒಂದು ಭಾಗವನ್ನೂ ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಸಕ್ಕರೆ ಬೆರೆತ ನೀರು ಶುದ್ಧ ನೀರಿಗಿಂತ ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಲೆಕ್ಕ ಹೇಳುವುದಾದರೆ, 1 ಕಿಲೋ ನೀರಿನಲ್ಲಿ 342 ಗ್ರಾಂ ಸಕ್ಕರೆ ಕರಗಿಸಿದರೆ ಹೆಪ್ಪುಗಟ್ಟುವ ಬಿಂದು ಸುಮಾರು 1.86 ಡಿಗ್ರಿಯಷ್ಟು ಕೆಳಗಿಳಿಯುತ್ತದೆ. ಇದು ದೊಡ್ಡ ರಕ್ಷಣೆಯಲ್ಲ. ಕೋಶದ ಹೊರಗೆ ನೀರು ಹರಳುಗಟ್ಟಿ ಒಳಗಿನ ತೇವವನ್ನು ಹೀರುವಾಗ ಕೋಶದ ತೆಳುಪೊರೆ ಹರಿಯದಂತೆ ಕಾಯುವುದು ಸಕ್ಕರೆಯ ಮುಖ್ಯ ಕೆಲಸ. ಸಸ್ಯವು ತನ್ನ ಪ್ರಾಣರಕ್ಷಣೆಗೆಂದು ಮಾಡಿಕೊಂಡ ಸಿದ್ಧತೆ ನಮ್ಮ ನಾಲಿಗೆಗೆ ಸಿಹಿಯಾಗಿ ತೋರುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸಿಹಿಯನ್ನು ತರುವುದು ಬಿಳಿಯ ಹರಳಲ್ಲ. ಅದಕ್ಕೆ ಮುಂಚಿನ ಹಲವು ದಿನಗಳ ತಂಪು. ಹರಳು ಬಾರದ ನಾಡಿನಲ್ಲಿಯೂ ತಂಪಿನ ಪ್ರಯೋಜನ ದೊರೆಯುತ್ತದೆ.

3. ನಮ್ಮ ಸೌಮ್ಯ ಚಳಿ ಮಾಡುವ ಕೆಲಸ

ಸಸ್ಯ ಹಗಲಿನಲ್ಲಿ ಬಿಸಿಲಿನಿಂದ ಸಕ್ಕರೆಯನ್ನು ತಯಾರಿಸುತ್ತದೆ. ಹಗಲಿರುಳೂ ಉಸಿರಾಡುತ್ತ ಅದರಲ್ಲಿ ಒಂದಂಶವನ್ನು ಖರ್ಚು ಮಾಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಖರ್ಚು ಸರಿಸುಮಾರು ಎರಡು ಪಟ್ಟಾಗುತ್ತದೆ. ಏಪ್ರಿಲ್ ತಿಂಗಳ ಸೆಕೆಯ ರಾತ್ರಿಯಲ್ಲಿ ಗಿಡ ದುಡಿದದ್ದನ್ನೆಲ್ಲ ತಿಂದುಹಾಕುತ್ತದೆ. ಧನುರ್ಮಾಸದ ತಂಪು ರಾತ್ರಿಯಲ್ಲಿ ಉಳಿತಾಯವಾಗುತ್ತದೆ. ಬಿಸಿಲುಳ್ಳ ಹಗಲು, ತಂಪಾದ ರಾತ್ರಿ: ಮಾಗಿಕಾಲದಲ್ಲಿ ನಮಗೆ ದೊರೆಯುವುದು ಇದೇ. ಗಜ್ಜರಿಯಲ್ಲಿ ಇನ್ನೊಂದು ಲಾಭವೂ ಇದೆ. ಸೆಕೆಯಲ್ಲಿ ಬೆಳೆದ ಗಜ್ಜರಿಯಲ್ಲಿ ಕಟುವಾದ ಘಾಟು ಹೆಚ್ಚು. ತಂಪಿನಲ್ಲಿ ಬೆಳೆದುದರಲ್ಲಿ ಅದು ಕಡಿಮೆ.

ಮಂಡ್ಯ ಜಿಲ್ಲೆಯವರಿಗೆ ಈ ತತ್ತ್ವ ಹೊಸದಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಕಾಲದಿಂದಲೂ ನಮ್ಮ ರೈತರು ಕಬ್ಬಿನಲ್ಲಿ ಇದನ್ನೇ ಕಂಡಿದ್ದಾರೆ. ಮಳೆ ನಿಂತು, ಹವೆ ಒಣಗಿ, ರಾತ್ರಿ ತಂಪಾದಾಗ ಕಬ್ಬಿನ ಬೆಳವಣಿಗೆ ನಿಧಾನವಾಗಿ ಜಲ್ಲೆಯಲ್ಲಿ ಸಕ್ಕರೆ ಕೂಡುತ್ತದೆ. ಆದರೆ ಅವಧಿ ಮೀರಿ ನಿಲ್ಲಿಸಿದ ಕಬ್ಬು ಸಕ್ಕರೆಯನ್ನು ಕಳೆದುಕೊಳ್ಳುತ್ತದೆ. ಕಡಿದು ಗಾಡಿಯಲ್ಲಿ ಕಾದ ಕಬ್ಬಿನ ಗತಿಯೂ ಅದೇ. ಚಳಿಗಾಗಿ ಕಾಯುವುದಕ್ಕೆ ಒಂದು ಮಿತಿಯುಂಟು ಎಂಬುದನ್ನು ಕಬ್ಬು ನಮಗೆ ಮೊದಲೇ ಕಲಿಸಿದೆ.

4. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಶಾಲೆ ಹಾಗೂ ಅಂಗನವಾಡಿ ಕೈತೋಟಗಳ ಉಸ್ತುವಾರಿ ನೋಡುವ ಸದಸ್ಯರು ಕೆಳಗಿನ ಅಂಶಗಳನ್ನು ಗಮನಿಸುವುದು.

ಗಜ್ಜರಿ: ಪೂರ್ಣ ಬಲಿತ ನಂತರವೂ ತಂಪಿನ ದಿನಗಳಲ್ಲಿ ಸ್ವಲ್ಪ ಕಾಲ ನೆಲದಲ್ಲೇ ಬಿಡಬಹುದು. ಒಣಗಿದ ನೆಲಕ್ಕೆ ಒಮ್ಮೆಲೇ ಹೆಚ್ಚು ನೀರು ಹಾಯಿಸಿದರೆ ಸೀಳುತ್ತದೆ. ಮೇಲೆ ಕಾಣುವ ಭುಜಕ್ಕೆ ಮಣ್ಣೇರಿಸದಿದ್ದರೆ ಅದು ಹಸಿರಾಗುತ್ತದೆ.

ಎಲೆಕೋಸು: ಗಟ್ಟಿಯಾದ ಮೇಲೆ ಅಲ್ಪಕಾಲ ಬಿಡಬಹುದು. ಹೆಚ್ಚು ಬಿಟ್ಟರೆ, ಅದರಲ್ಲಿಯೂ ನೀರು ಕಟ್ಟಿದ ಬೆನ್ನಲ್ಲೇ, ಉಂಡೆ ಒಡೆಯುತ್ತದೆ.

ಹೂಕೋಸು: ಕಾಯಿಸಬಾರದು. ಬಿಗಿಯಾದ ಹೂ ಬಿಚ್ಚಿಕೊಂಡು ಅಕ್ಕಿಕಾಳಿನಂತೆ ಉದುರುತ್ತದೆ.

ಬೀಟ್‌ರೂಟ್: ಮಧ್ಯಮ ಗಾತ್ರದಲ್ಲಿ ಕೀಳುವುದು ಉತ್ತಮ. ಅತಿಯಾಗಿ ದಪ್ಪವಾದರೆ ಬಳೆಬಳೆಯಾಗಿ ಗಟ್ಟಿಯಾಗುತ್ತದೆ.

ಮೂಲಂಗಿ, ನವಿಲುಕೋಸು: ಇವುಗಳಿಗೆ ವಯಸ್ಸೇ ಮುಖ್ಯ, ಚಳಿಯಲ್ಲ. ಎಳೆಯದಾಗಿರುವಾಗಲೇ ಕೀಳಬೇಕು.

ಪಾಲಕ್, ಮೆಂತ್ಯ, ಕೊತ್ತಂಬರಿ: ಹೂದಂಟು ಏಳುವ ಮುನ್ನ ಕೊಯ್ಯಬೇಕು. ದಂಟು ಎದ್ದ ಮೇಲೆ ಎಲೆಗೆ ಕಹಿ ಬರುತ್ತದೆ ಅಥವಾ ಒರಟುತನ ಬರುತ್ತದೆ.

ಬದನೆ, ಬೆಂಡೆ, ಟೊಮೆಟೊ, ಸೌತೆ: ಇವು ಉಷ್ಣ ಹವೆಯ ಬೆಳೆಗಳು. ಚಳಿಯಿಂದ ಇವುಗಳ ರುಚಿ ಕೂಡುವುದಿಲ್ಲ. ಬೆಳವಣಿಗೆ ಮತ್ತು ಹಣ್ಣಾಗುವಿಕೆ ನಿಧಾನವಾಗುತ್ತವೆ ಅಷ್ಟೆ.

ಬಟಾಣಿ: ಇದರಲ್ಲಿ ಗಜ್ಜರಿಗೆ ವಿರುದ್ಧವಾದ ಕ್ರಿಯೆ ನಡೆಯುತ್ತದೆ. ಕಾಳು ಬಲಿತಂತೆ ಸಕ್ಕರೆ ಪಿಷ್ಟವಾಗುತ್ತದೆ. ಕಿತ್ತ ಮೇಲೂ ಈ ಮಾರ್ಪಾಡು ಮುಂದುವರಿಯುತ್ತದೆ. ತಡ ಮಾಡಿದಷ್ಟೂ ನಷ್ಟ.

ಒಂದು ಸೂತ್ರದಲ್ಲಿ ಹೇಳುವುದಾದರೆ, ಸಕ್ಕರೆಯನ್ನು ಕೂಡಿಡುವ ಗೆಡ್ಡೆಗೆ ತಂಪಿನ ಕಾಲಾವಕಾಶ ಲಾಭ. ಕಾಳಿಗೆ, ಹೂವಿಗೆ, ಎಳೆತನವೇ ರುಚಿಯಾಗಿರುವ ತರಕಾರಿಗೆ ಅದು ಹಾನಿ.

5. ನಮ್ಮ ಸೀಮೆಯ ನಿಜವಾದ ಚಳಿರುಚಿ: ಅವರೆಯ ಸೊಗಡು

ಶೀತ ದೇಶದವರು ಹಿಮದ ಗಜ್ಜರಿಯನ್ನು ಕುರಿತು ಹೇಳುವ ಮಾತನ್ನು ನಮ್ಮವರು ಹೇಳುವುದು ಅವರೆಕಾಯಿಯನ್ನು ಕುರಿತು. ಸಂಕ್ರಾಂತಿಯಂದು ಗೆಣಸು, ಕಡಲೆಕಾಯಿಯೊಡನೆ ಅವರೆಕಾಯಿ ಬೇಯಿಸದ ಮನೆ ನಮ್ಮಲ್ಲಿ ವಿರಳ. ಹಿತಕಿದ ಬೇಳೆಯ ಸಾರು, ಅವರೆಕಾಳಿನ ಉಪ್ಪಿಟ್ಟು, ರಾಗಿಮುದ್ದೆಯೊಡನೆ ಅವರೆಕಾಳಿನ ಹುಳಿ ಇವೆಲ್ಲ ಈ ಎರಡು ತಿಂಗಳ ಊಟ. ಇಬ್ಬನಿ ಬಿದ್ದಷ್ಟೂ ಸೊಗಡು ಕೂಡುತ್ತದೆ ಎಂಬುದು ಜನರ ನಂಬಿಕೆ.

ವಾಸ್ತವದಲ್ಲಿ ಸೊಗಡು ಇಬ್ಬನಿಯಲ್ಲಿಲ್ಲ, ಕಾಯಿಯ ಸಿಪ್ಪೆಯಲ್ಲಿದೆ. ಸಿಪ್ಪೆಯ ಮೇಲಿನ ಸೂಕ್ಷ್ಮ ರೋಮಗಳು ಎಣ್ಣೆಯಂತಹ ಅಂಟನ್ನು ಸ್ರವಿಸುತ್ತವೆ. ಕಾಯಿ ಬಿಡಿಸಿದ ಬೆರಳಿಗೆ ಅಂಟಿ, ಕೈ ತೊಳೆದರೂ ವಾಸನೆ ಉಳಿಸುವುದು ಇದೇ. ಇದರಲ್ಲಿ ಡೊಡೆಸಿನೋಯಿಕ್ ಮತ್ತು ಟೆಟ್ರಾಡೆಸಿನೋಯಿಕ್ ಎಂಬ ಕೊಬ್ಬಿನಾಮ್ಲಗಳು ಮುಖ್ಯವಾದುವೆಂದು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. ಬಿಸಿಲಿಗೆ, ಒಣಗಾಳಿಗೆ ಕಾಯಿ ಬಾಡಿದಂತೆ ಸೊಗಡು ಇಳಿಯುತ್ತದೆ. ತಂಪು ಮತ್ತು ತೇವದಲ್ಲಿ ಕಾಯಿ ಬಾಡುವುದು ನಿಧಾನ. ಇಬ್ಬನಿಯು ಸೊಗಡನ್ನು ಉಂಟುಮಾಡುವುದಿಲ್ಲ, ಸೊಗಡಿನ ಕಾಲವನ್ನು ಸೂಚಿಸುತ್ತದೆ.

ಹಾಗಾದರೆ ಸೊಗಡವರೆ ಚಳಿಗಾಲದಲ್ಲೇ ಬರುವುದೇಕೆ? ನಮ್ಮ ನಾಟಿ ಅವರೆಗೆ ಹಗಲಿನ ಉದ್ದವೇ ಪಂಚಾಂಗ. ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ದೀರ್ಘ ಹಗಲಿಗೂ ಡಿಸೆಂಬರ್ ತಿಂಗಳ ಕಿರುಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವನ್ನು ನಾಟಿ ಗಿಡ ಅಳೆಯಬಲ್ಲದು. ಮುಂಗಾರಿನಲ್ಲಿ ರಾಗಿಯೊಡನೆ ಬಿತ್ತಿದರೂ ಹಗಲು ಕುಗ್ಗುವವರೆಗೆ ಅದು ಹೂ ಬಿಡದೆ ಕಾಯುತ್ತದೆ. ರಾಗಿ ಕೊಯ್ಲಾದ ಮೇಲೆ ಹೊಲವನ್ನೆಲ್ಲ ತಾನೇ ಆವರಿಸಿ ಕಾಯಿ ಬಿಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ ತಳಿಗಳು ಹಗಲಿನ ಉದ್ದವನ್ನು ಅವಲಂಬಿಸುವುದಿಲ್ಲ. ಅವನ್ನು ವರ್ಷದ ಯಾವ ಕಾಲದಲ್ಲಾದರೂ ಬೆಳೆಯಬಹುದು. ಇದರಿಂದ ರೈತರಿಗೆ ಆದಾಯವಾಗಿದೆ, ಗ್ರಾಹಕರಿಗೆ ಬೇಸಿಗೆಯಲ್ಲೂ ಅವರೆ ದೊರೆತಿದೆ. ಇದು ಸಂತೋಷದ ವಿಷಯವೇ. ಅದರೊಡನೆ ನಾಟಿ ಬೀಜದ ಸ್ಥಿತಿ ಏನಾಯಿತೆಂದು ಕೇಳುವುದೂ ನಮ್ಮ ಕರ್ತವ್ಯ.

ಕೊಯ್ಲಿನ ವಿಷಯದಲ್ಲಿ ಅವರೆ ಬಟಾಣಿಯ ಕಡೆಗೇ ಸೇರುತ್ತದೆ. ಕಾಳು ತುಂಬಿ, ಸಿಪ್ಪೆ ಇನ್ನೂ ಹಸಿರಾಗಿ ಅಂಟಾಗಿರುವಾಗ ಬಿಡಿಸಬೇಕು. ಸಿಪ್ಪೆ ಹಳದಿಯಾಗಿ ಸುಕ್ಕಾದರೆ ಸೊಗಡೂ ಇಲ್ಲ, ಕಾಳಿನ ಮೃದುತ್ವವೂ ಇಲ್ಲ. ಬೆಳಗಿನ ತಂಪಿನಲ್ಲಿ ಬಿಡಿಸುವುದು ಸರಿ. ಆದರೆ ಇಬ್ಬನಿ ತೊಟ್ಟಿಕ್ಕುವ ಕಾಯಿಯನ್ನು ಹಾಗೆಯೇ ಚೀಲಕ್ಕೆ ತುಂಬಿ ಬಿಗಿದರೆ ಒಳಗೆ ಕಾವೇರಿ ಕಾಯಿ ಕಪ್ಪಾಗುತ್ತದೆ. ನೆರಳಿನಲ್ಲಿ ಹರಡಿ ತೇವ ಆರಿದ ಮೇಲೆ ತುಂಬಬೇಕು.

ನಿಜವಾಗಿ ತಡವಾಗಿ ಕೊಯ್ಯಬೇಕಾದ ಅವರೆ ಒಂದೇ: ಬೀಜಕ್ಕೆ ಬಿಟ್ಟದ್ದು. ಸೊಗಡು ಹೆಚ್ಚಾಗಿರುವ ಗಿಡಗಳನ್ನು ಹಸಿಕಾಯಿಯ ಕಾಲದಲ್ಲೇ ಗುರುತಿಸಿ, ದಾರ ಕಟ್ಟಿ, ಕಾಯಿ ಗಿಡದಲ್ಲೇ ಒಣಗುವವರೆಗೆ ಬಿಡಬೇಕು.

6. ಕಳೆದುಹೋಗುತ್ತಿರುವುದೇನು?

1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡ್ ಮೂಲದ ವೈದ್ಯ ಶ್ರೀರಂಗಪಟ್ಟಣವೂ ಸೇರಿದಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿ ಬೆಳೆಗಳನ್ನು ಬರೆದುಕೊಂಡನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ರಾಗಿಯೊಡನೆ ಅವರೆಯನ್ನು ಸಾಲುಸಾಲಾಗಿ ಬೆಳೆಯುವ ಪದ್ಧತಿಯ ವಿವರಣೆಯಿದೆ. ನಮ್ಮ ರೈತರು ಅಕ್ಕಡಿ ಸಾಲು ಎಂದು ಕರೆಯುವುದು ಇದನ್ನೇ. ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಖುಷ್ಕಿ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ನಿಂತ ದೃಶ್ಯ ಹಿರಿಯ ಸದಸ್ಯರೆಲ್ಲರಿಗೂ ಪರಿಚಿತ.

ಯಂತ್ರದಿಂದ ರಾಗಿ ಕೊಯ್ಲು ಮಾಡುವಾಗ ನಡುವಿನ ಅವರೆ ಬಳ್ಳಿ ಅಡ್ಡಿಯಾಗುತ್ತದೆ. ಕೂಲಿ ದುಬಾರಿಯಾದ ಈ ಕಾಲದಲ್ಲಿ ರೈತನು ಅಕ್ಕಡಿಯನ್ನು ಬಿಟ್ಟರೆ ಅವನನ್ನು ದೂರುವಂತಿಲ್ಲ. ಆದರೆ ನಾಟಿ ಬೀಜ ಉಳಿದುಬಂದದ್ದು ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಮನೆಯ ಹೆಂಗಸರಿಂದ. ಕೆಲವು ವರ್ಷ ಬಿತ್ತದೆ ಇಟ್ಟ ಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆ ಮಡಕೆ ಬರಿದಾದ ದಿನ ಆ ಊರಿನ ಸೊಗಡೂ ಮುಗಿಯಿತು. ಅದನ್ನು ಮತ್ತೆ ಯಾವ ಅಂಗಡಿಯಿಂದಲೂ ತರಲಾಗದು.

7. ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಜೀವವೈವಿಧ್ಯ ಅಧಿನಿಯಮ, 2002ರ ಕಲಂ 41ರ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ನಾಟಿ ತಳಿಗಳ ಸಂರಕ್ಷಣೆ ಮತ್ತು ದಾಖಲಾತಿ ಈ ಸಮಿತಿಯ ಕೆಲಸಗಳಲ್ಲಿ ಸೇರಿದೆ. ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ನಮ್ಮ ಕಚೇರಿಯ ಕಪಾಟಿನಲ್ಲಿದೆ ಎಂದಷ್ಟೇ ತೃಪ್ತಿಪಡದೆ, ಅದನ್ನು ತೆರೆದು "ಅವರೆ" ಎಂಬ ನಮೂದಿನ ಮುಂದೆ ಏನು ಬರೆದಿದೆ ಎಂದು ನೋಡಬೇಕೆಂದು ಕೋರುತ್ತೇನೆ. "ಅವರೆ" ಎಂಬ ಒಂದೇ ಪದವಿದ್ದರೆ ಆ ದಾಖಲೆ ಅಪೂರ್ಣ.

ಈ ಮಾಗಿಯಲ್ಲಿಯೇ ಕೈಗೊಳ್ಳಬಹುದಾದ ಕ್ರಮಗಳು:

(ಅ) ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ನಾಟಿ ಅವರೆ ಬೀಜ ಇಟ್ಟಿರುವ ಮನೆಗಳನ್ನು ವಿಚಾರಿಸಿ ಪಟ್ಟಿ ಮಾಡುವುದು. ಕಾಳಿನ ಬಣ್ಣ, ಕಾಯಿಯ ಆಕಾರ, ಹೂ ಬಿಡುವ ತಿಂಗಳು, ಸೊಗಡಿನ ಪ್ರಮಾಣ, ಊರವರು ಕರೆಯುವ ಹೆಸರು ಇಷ್ಟನ್ನು ಬರೆದುಕೊಂಡರೆ ಸಾಕು. ಬೀಜ ಇಟ್ಟವರ ಒಪ್ಪಿಗೆ ಪಡೆದೇ ಅವರ ಹೆಸರನ್ನು ನಮೂದಿಸುವುದು.

(ಆ) ಈ ಮಾಹಿತಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ತಿದ್ದುಪಡಿಗಳಿದ್ದರೆ ಸೇರಿಸಿ, ದಾಖಲಾತಿ ಪುಸ್ತಕದಲ್ಲಿ ಏರಿಸುವುದು.

(ಇ) ಶಾಲೆ ಅಥವಾ ಅಂಗನವಾಡಿಯ ಬೇಲಿಯ ಉದ್ದಕ್ಕೂ ಒಂದೊಂದು ಊರಿನ ನಾಟಿ ಅವರೆಯನ್ನು ಬಿತ್ತುವುದು. ಮಕ್ಕಳಿಗೆ ಕಾಳು, ಊರಿಗೆ ಬೀಜ ಎರಡೂ ದೊರೆಯುತ್ತವೆ.

(ಈ) ವಿಶಿಷ್ಟ ತಳಿ ಕಂಡುಬಂದಲ್ಲಿ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ತೋರಿಸುವುದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರಡಿ ರೈತರ ತಳಿಯನ್ನು ನೋಂದಾಯಿಸಲು ಅವಕಾಶವಿದೆ.

(ಉ) ಕೈತೋಟಗಳಲ್ಲಿ ಬಿತ್ತಿದ ದಿನಾಂಕವನ್ನು ಹಲಗೆಯ ಮೇಲೆ ಬರೆಸುವುದು. ಯಾವ ಪಾತಿಯನ್ನು ಯಾವಾಗ ಕೀಳಬೇಕೆಂಬುದನ್ನು ಅಡುಗೆಯವರೇ ನಿರ್ಧರಿಸಲಿ. ಅಧಿಕಾರಿಯ ಸೂಚನೆಗಿಂತ ಗೆಡ್ಡೆಯನ್ನು ಕೈಯಲ್ಲಿ ಹಿಡಿದವರ ತಿಳಿವಳಿಕೆ ಹೆಚ್ಚು ಎಂಬುದನ್ನು ನಾನು ಅನುಭವದಿಂದ ಕಲಿತಿದ್ದೇನೆ.

ಇವುಗಳಲ್ಲಿ ಮೊದಲ ಮೂರಕ್ಕೆ ಹೇಳಿಕೊಳ್ಳುವಂತಹ ಅನುದಾನ ಬೇಕಿಲ್ಲ, ಸಮಯ ಬೇಕು. ಆ ಸಮಯ ಅವರೆ ಕಾಯಿ ಬಿಡುವ ಈ ಎರಡು ತಿಂಗಳೇ. ಹಸಿಕಾಯಿಯ ಕಾಲದಲ್ಲಿ ಸೊಗಡನ್ನು ಮೂಸಿ ಗುರುತಿಸದಿದ್ದರೆ, ಒಣಗಿದ ಕಾಳನ್ನು ನೋಡಿ ಯಾವುದು ಸೊಗಡಿನದೆಂದು ಹೇಳುವುದು ಕಷ್ಟ.

8. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವ್ಯಾಪ್ತಿಯ ಕೈತೋಟಗಳಲ್ಲಿ ಕಳೆದ ಮಾಗಿಯಲ್ಲಿ ತಡವಾಗಿ ಕಿತ್ತು ವ್ಯರ್ಥವಾದ ತರಕಾರಿ ಯಾವುದು? ಕಾರಣವೇನು?

2. ನಮ್ಮ ಊರುಗಳಲ್ಲಿ ಈಗಲೂ ಅಕ್ಕಡಿ ಸಾಲು ಬಿತ್ತುವ ಹೊಲಗಳು ಎಷ್ಟು ಉಳಿದಿವೆ?

3. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಾಟಿ ಅವರೆಯ ವಿವರ ಇದೆಯೇ? ಇಲ್ಲದಿದ್ದರೆ ಯಾವ ಸದಸ್ಯರು, ಯಾವ ದಿನಾಂಕದೊಳಗೆ ಮಾಹಿತಿ ಸಂಗ್ರಹಿಸುತ್ತಾರೆ?

4. ಸಂತೆಗೆ ಬರುವ ಅವರೆಕಾಯಿಯನ್ನು ನೆರಳಿನಲ್ಲಿ ಹರಡಲು ಸ್ಥಳ ಒದಗಿಸಲು ಸಾಧ್ಯವೇ?

ಈ ಪ್ರಶ್ನೆಗಳಿಗೆ ಸಭೆಯಲ್ಲಿ ದೊರೆತ ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಬೇಕೆಂದು ವಿನಂತಿಸುತ್ತೇನೆ. ಮುಂದಿನ ಮುಂಗಾರಿನ ಬಿತ್ತನೆಗೆ ಮುಂಚೆ ಆ ನಡಾವಳಿಯನ್ನು ಮತ್ತೊಮ್ಮೆ ತೆರೆದು, ಗುರುತಿಸಿದ ಬೀಜ ಹೊಲಕ್ಕೆ ಹೋಯಿತೇ ಎಂದು ಪರಿಶೀಲಿಸಿದರೆ ಈ ಪಾಠದ ಉದ್ದೇಶ ಈಡೇರಿದಂತಾಗುತ್ತದೆ.